ಗುಂಡು ಬಿದ್ದ ಶರ್ಟಿಗೆ ಸಾಬೂನು

ಆ ಶನಿವಾರ ಸಂಜೆ ನನ್ನ ಮನೆಯ ಮೆಟ್ಟಿಲ ಮೇಲೆ ನಿಂತು, ಮೀಸೆ ತಿರುವಿ, ನಾನೊಂದು ಘೋರ ಪ್ರತಿಜ್ಞೆ ಮಾಡಿದೆ. ಇನ್ನು ಮೇಲೆ ನಾನು ಸಾಯುವುದಿಲ್ಲ!

ನಗಬೇಡಿ. ಇಪ್ಪತ್ತೆಂಟು ವರ್ಷದಿಂದ ಸಾಯುವುದೇ ನನ್ನ ಉದ್ಯೋಗ. ಅರಿಜೋನಾದ ನಮ್ಮ ಟೂಸಾನ್ ಊರಾಚೆಯ ಮರಳುಗಾಡಿನಲ್ಲಿ ಹಲಗೆಯ ಅಂಗಡಿ, ಹಲಗೆಯ ಜೈಲು, ಹಲಗೆಯ ಚರ್ಚು ಕಟ್ಟಿ ನಿಲ್ಲಿಸಿದ್ದಾರೆ. ಅಲ್ಲಿಗೆ ಕೌಬಾಯ್ ಚಿತ್ರ ತೆಗೆಯಲು ಯಾರೇ ಬರಲಿ, ಛಾವಣಿಯಿಂದ ಬಿದ್ದು ಸಾಯಲು ಅವರಿಗೊಬ್ಬ ಬೇಕೇ ಬೇಕು. ಆ ಒಬ್ಬ ನಾನು, ಎಲ್ಡನ್ ಪ್ರುವಿಟ್. ಇದುವರೆಗೆ ನೂರ ನಲವತ್ತಮೂರು ಸಲ ಸತ್ತಿದ್ದೇನೆ. ಕುದುರೆಯಿಂದ ಬಿದ್ದು ಸತ್ತಿದ್ದೇನೆ, ನೀರಿನ ತೊಟ್ಟಿಗೆ ಬಿದ್ದು ಸತ್ತಿದ್ದೇನೆ, ಹಂದಿದೊಡ್ಡಿಯಲ್ಲಿ ಬೋರಲು ಬಿದ್ದು, ಹಂದಿ ಬಂದು ಕಿವಿ ಮೂಸಿದರೂ ಮಿಸುಕದೆ ಮಲಗಿದ್ದೇನೆ. ಅಷ್ಟೂ ಸಾವುಗಳಲ್ಲಿ ಒಂದೇ ಒಂದು ಮಾತಾಡುವ ಭಾಗ್ಯ ನನಗೆ ಸಿಕ್ಕಿರಲಿಲ್ಲ. "ಆ!" ಎಂದು ಕೂಗುವುದಿತ್ತು ಅಷ್ಟೆ. ಅದನ್ನೂ ಆಮೇಲೆ ಬೇರೆಯವರಿಂದ ಕೂಗಿಸಿ ಸೇರಿಸುತ್ತಿದ್ದರು!

ಈಗ ಐವತ್ತಾರು ತುಂಬಿತು. ಮಂಡಿ ಹಿಡಿದುಕೊಂಡರೆ ಬಿಡುವುದಿಲ್ಲ, ಸೊಂಟ ಬಿಟ್ಟರೆ ಹಿಡಿಯುವುದಿಲ್ಲ. ಬೆಳಗ್ಗೆ ಹಾಸಿಗೆಯಿಂದ ಏಳುವುದೇ ಒಂದು ಸಾಹಸ ದೃಶ್ಯ. ದಣಿದುಹೋಗಿದ್ದೇನೆ ಸ್ವಾಮಿ, ಸತ್ತು ಸತ್ತು ದಣಿದುಹೋಗಿದ್ದೇನೆ.

ಅಂಥ ಹೊತ್ತಿನಲ್ಲಿ ನನಗೆ ಮಾತಿರುವ ಪಾತ್ರ ಬಂತು. ೧೯೭೪ನೇ ಇಸವಿ, ಜೂನ್ ತಿಂಗಳು. ಚಿತ್ರಮಂದಿರಕ್ಕಲ್ಲ, ಟೀವಿಗೆಂದೇ ತೆಗೆಯುತ್ತಿದ್ದ ಎರಡು ಗಂಟೆಯ ಚಿತ್ರ. ಹೆಸರು "ಡ್ರೈ ಫೋರ್ಕಿನ ಮಾರ್ಷಲ್". ಡ್ರೈ ಫೋರ್ಕ್ ಎಂಬ ಗಡಿನಾಡಿನ ಊರು, ಅಲ್ಲಿ ಕಾನೂನು ಕಾಯುವ ಒಬ್ಬನೇ ಒಬ್ಬ ಮಾರ್ಷಲ್, ಅವನನ್ನು ಮುಗಿಸಲು ಬರುವ ಏಳು ಜನ ಕೇಡಿಗಳು. ನಾನು ಮಾರ್ಷಲನ ಸಹಾಯಕ. ಭುಜಕ್ಕೆ ಗುಂಡು ತಿಂದು, ತೂರಾಡುತ್ತ ಬಂದು, ಜೈಲಿನ ಬಾಗಿಲು ತಳ್ಳಿ ಒಳಗೆ ನುಗ್ಗಿ ಹೇಳಬೇಕು: "ಏಳು ಜನ ಬರ್ತಿದ್ದಾರೆ ಮಾರ್ಷಲ್, ನೀನೊಬ್ಬನೇ ಇದೀಯ!" ಆರು ಪದ! ಇಪ್ಪತ್ತೆಂಟು ವರ್ಷಕ್ಕೆ ಆರು ಪದ!

ಬಾಗಿಲು ತಳ್ಳುವುದನ್ನು ಶನಿವಾರ ಹೊರಗಿನಿಂದ ತೆಗೆದರು. ಒಳಗೆ ಬಂದು ಮಾತಾಡುವುದು ಸೋಮವಾರಕ್ಕೆ ಉಳಿಯಿತು. ನೋಡುವವರಿಗೆ ಅದು ಒಂದು ಹೆಜ್ಜೆ, ನಮಗೆ ನಡುವೆ ಒಂದು ಇಡೀ ಭಾನುವಾರ. ಆದ್ದರಿಂದ ಸೋಮವಾರ ನನ್ನ ಮೈಮೇಲೆ ಶನಿವಾರದ ಧೂಳು, ಶನಿವಾರದ ಬೆವರು, ಶನಿವಾರದ ರಕ್ತ ಎಲ್ಲವೂ ಇದ್ದಲ್ಲೇ ಇರಬೇಕು. ಉಡುಪಿನ ವಿಭಾಗದ ಡಾಟಿ ಎಂಬ ಮಹಾತಾಯಿ ಆ ಶರ್ಟನ್ನು ಕೊಳೆ ಮಾಡಲು ಮೂರು ದಿನ ತೆಗೆದುಕೊಂಡಿದ್ದಳು. ಕಾಲರನ್ನು ಅರದಲ್ಲಿ ಉಜ್ಜಿ ಸವೆಸಿ, ಕಂಕುಳಿಗೆ ಟೀ ನೀರು ಹಚ್ಚಿ, ಜರಡಿ ಹಿಡಿದ ಮಣ್ಣು ತೂರಿ, ಭುಜದಲ್ಲಿ ಗುಂಡಿನ ತೂತು ಸುಟ್ಟು, ಅದರ ಸುತ್ತ ಕೆಂಪು ಕಲೆ ಹರಡಿದ್ದಳು. ಕಲೆ ಮಾಡುವುದೂ ಒಂದು ಕಲೆ!

ಸಂಜೆ ಹೋಗುವಾಗ ಉಡುಪನ್ನು ಡಾಟಿಗೆ ಒಪ್ಪಿಸಿ ಹೋಗಬೇಕು. ಅದು ನಮ್ಮಲ್ಲಿ ಕಟ್ಟುನಿಟ್ಟು. ನಾನು ಒಪ್ಪಿಸಲಿಲ್ಲ. ಮಾತಿರುವ ನಟ ಪಾತ್ರದೊಳಗೆ ಇಳಿಯಬೇಡವೇ? ಶರ್ಟಿನ ಮೇಲೆ ನನ್ನ ಜಾಕೆಟ್ ಹಾಕಿಕೊಂಡು, ಗುಂಡಿಯನ್ನು ಕತ್ತಿನವರೆಗೂ ಬಿಗಿದು, ಆ ಬಿಸಿಲಲ್ಲಿ ಬೇಯುತ್ತ, ಕಳ್ಳನ ಹಾಗೆ ಮನೆಗೆ ಬಂದೆ. ಬಂದವನೇ ಮೆಟ್ಟಿಲ ಮೇಲೆ ನಿಂತು ಆಗ ಹೇಳಿದ ಪ್ರತಿಜ್ಞೆ ಮಾಡಿದ್ದು.

"ವರ್ಲೀನ್! ಇನ್ನು ಮೇಲೆ ನಾನು ಸಾಯಲ್ಲ!"

"ಸಂತೋಷ," ಎಂದಳು ನನ್ನ ಹೆಂಡತಿ ಒಳಗಿನಿಂದ. "ಹಾಗಾದ್ರೆ ಕಸದ ಡಬ್ಬಿ ಹೊರಗಿಟ್ಟು ಬಾ."

ವರ್ಲೀನ್ ಹೆದ್ದಾರಿ ಬದಿಯ ಒಂದು ಮೋಟೆಲಿನಲ್ಲಿ ಬಟ್ಟೆ ಒಗೆಯುವ ಮನೆಯ ಯಜಮಾನಿ. ಹದಿನಾರು ವರ್ಷದಿಂದ ಲಾರಿ ಚಾಲಕರು ಮಲಗಿ ಎದ್ದ ಹಾಸುಗಳನ್ನು ಹಾಲಿನ ಹಾಗೆ ಬಿಳಿ ಮಾಡಿ ಮಡಿಸಿಡುತ್ತಿದ್ದಾಳೆ. ಅವಳಿಗೂ ದಣಿವೇ. ನಾನು ಬಿದ್ದು ದಣಿದು ಬರುತ್ತೇನೆ, ಅವಳು ನಿಂತು ದಣಿದು ಬರುತ್ತಾಳೆ. ನನ್ನ ಚಿತ್ರ ಟೀವಿಯಲ್ಲಿ ಬಂದರೆ ಅವಳು ನನ್ನ ಗುರುತು ಹಿಡಿಯುವುದು ಬೂಟಿನ ಅಟ್ಟೆಯಿಂದ. "ಅದು ನೀನೇ ಅಲ್ವಾ? ಎಡಗಾಲಿನ ಅಟ್ಟೆ ಸವೆದಿದೆ!" ಎನ್ನುತ್ತಾಳೆ. ಅವಳ ಅಕ್ಕ ಫರ್ನ್ ಅಂತೂ ಹಬ್ಬದ ಊಟಕ್ಕೆ ಬಂದಾಗಲೆಲ್ಲ, ಟರ್ಕಿ ಕೋಳಿಯ ಕಾಲು ಕೈಯಲ್ಲಿ ಹಿಡಿದು, "ಏನಪ್ಪಾ ಎಲ್ಡನ್, ಈ ವರ್ಷ ಎಷ್ಟು ಸಲ ಸತ್ತೆ?" ಎಂದು ಕೇಳುತ್ತಾಳೆ. ಫರ್ನ್ ಏನಾದರೂ ಅಂದುಕೊಳ್ಳಲಿ. ಆದರೆ ವರ್ಲೀನ್ ಒಂದು ಸಲ, ಒಂದೇ ಒಂದು ಸಲ, ನನ್ನ ದನಿಯನ್ನು ಟೀವಿಯಲ್ಲಿ ಕೇಳಬೇಕು ಎಂದು ನನಗೆ ಬಹಳ ಆಸೆಯಿತ್ತು.

ಆ ಸಂಜೆ ಕನ್ನಡಿಯ ಮುಂದೆ ನಿಂತು ಹನ್ನೊಂದು ಸಲ ಅಭ್ಯಾಸ ಮಾಡಿದೆ. "ಏಳು ಜನ ಬರ್ತಿದ್ದಾರೆ! ಏಳು ಜನ... ಬರ್ತಿದ್ದಾರೆ! ಏಳು..."

"ಯಾರಾದ್ರೂ ಬರ್ಲಿ," ಅಡುಗೆಮನೆಯಿಂದ ಉತ್ತರ ಬಂತು. "ಏಳು ಜನಕ್ಕೆಲ್ಲ ನಾನು ಅಡುಗೆ ಮಾಡಲ್ಲ. ಈಗ್ಲೇ ಹೇಳಿದೀನಿ."

ನಾನು ಶರ್ಟನ್ನು ಭಕ್ತಿಯಿಂದ ಕಳಚಿ ಕುರ್ಚಿಯ ಬೆನ್ನಿಗೆ ಹಾಕಿ ಮಲಗಿದೆ. ಶರ್ಟು ಯಾಕೆ ಮನೆಗೆ ಬಂದಿದೆ ಎಂದು ಅವಳಿಗೆ ಹೇಳಲಿಲ್ಲ. ಅವಳೂ ಕೇಳಲಿಲ್ಲ. ನಾವಿಬ್ಬರೂ ಅಷ್ಟು ಸುಸ್ತಾಗಿದ್ದೆವು.

ಭಾನುವಾರ ಹತ್ತು ಗಂಟೆಗೆ ಎಚ್ಚರವಾದಾಗ ಮನೆಯೆಲ್ಲ ಸಾಬೂನಿನ ಘಮಘಮ! ಇಸ್ತ್ರಿ ಪೆಟ್ಟಿಗೆ ಬುಸ್ ಎನ್ನುತ್ತಿದೆ. ಎದ್ದು ಹೋಗಿ ನೋಡುತ್ತೇನೆ, ಬಾಗಿಲಿಗೆ ತೂಗುಹಾಕಿದ ಒಂದು ಶರ್ಟು, ಗಂಜಿ ಹಾಕಿ ಸೆಟೆದು ನಿಂತಿದೆ. ಮಣ್ಣಿನ ಬಣ್ಣದ್ದು ಎಂದು ನಾನು ತಿಳಿದಿದ್ದ ಆ ಶರ್ಟು ನಿಜವಾಗಿ ತಿಳಿನೀಲಿ ಎಂದು ನನಗೆ ಗೊತ್ತಾದದ್ದೇ ಆವತ್ತು.

"ವರ್ಲೀನ್! ಏನು ಮಾಡಿಬಿಟ್ಟೆ?"

"ಹೆದರ್ಬೇಡ, ಬಟ್ಟೆ ಹಾಳಾಗಿಲ್ಲ. ಎಂಥಾ ಕೊಳೆ ಅಂತೀಯ! ಮೂರು ನೀರಲ್ಲಿ ಜಾಲಿಸಿದೆ. ಆ ರಕ್ತದ ಕಲೆ ಇತ್ತಲ್ಲ, ಅದಕ್ಕೆ ಮೊದಲು ತಣ್ಣೀರು, ಆಮೇಲೆ ವಿನೆಗರ್, ಆಮೇಲೆ ನನ್ನ ಎರಡು ಹೆಬ್ಬೆರಳು. ಗುರುತು ಎಲ್ಲಿದೆ, ಹುಡುಕು ನೋಡೋಣ!"

"ಆ ತೂತು? ಭುಜದಲ್ಲಿದ್ದ ತೂತು?"

"ಹೊಲಿದೆ. ಅದನ್ನೂ ಹುಡುಕು ನೋಡೋಣ!" ಅವಳ ಮುಖದಲ್ಲಿ ಎಂಥ ಹೆಮ್ಮೆ!

"ಅದು ಗುಂಡು ಬಿದ್ದ ತೂತು ಕಣೇ!"

"ಗುಂಡು ಬಿದ್ದದ್ದೋ, ಇಲಿ ಕಡಿದದ್ದೋ, ತೂತು ತೂತೇ. ಇಷ್ಟು ವರ್ಷಕ್ಕೆ ನನ್ನ ಗಂಡನಿಗೆ ಮಾತಾಡೋ ಪಾತ್ರ ಬಂದಿದೆ. ತೂತು ಶರ್ಟು ಹಾಕ್ಕೊಂಡು ಹೋಗ್ಲಿ ಅಂತ ಕಳಿಸ್ಲಾ? ಜನ ನನ್ನನ್ನ ಏನಂದ್ಕೋತಾರೆ?"

ನಾನು ಅಲ್ಲೇ ಕುಸಿದು ಕುಳಿತೆ. ಬಾಗಿಲಿನ ಹೊರಗೆ ಶನಿವಾರ, ಒಳಗೆ ಸೋಮವಾರ ಎಂಬುದನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದೆ. ಹೊರಗೆ ಗುಂಡು ತಿಂದು ರಕ್ತ ಸುರಿಸುತ್ತಿದ್ದವನು ಬಾಗಿಲು ದಾಟಿದ ಕೂಡಲೇ ಮದುಮಗನ ಹಾಗೆ ಇಸ್ತ್ರಿ ಮಾಡಿದ ಶರ್ಟಿನಲ್ಲಿ ನಿಂತರೆ ಹೇಗಿರುತ್ತದೆ? ಕೇಳುತ್ತ ಕೇಳುತ್ತ ಅವಳ ಮುಖ ಸಣ್ಣದಾಯಿತು.

"ಆ ಡಾಟಿಗೆ ಫೋನ್ ಮಾಡಿ ಹೇಳಿಬಿಡು."

"ಹೇಳಿದ್ರೆ ಶರ್ಟು ಮನೆಗೆ ತಂದದ್ದು ಗೊತ್ತಾಗುತ್ತೆ. ಪಾತ್ರ ಅಲ್ಲಿಗೆ ಮುಗೀತು. ಮತ್ತೆ ಛಾವಣಿ ಹತ್ತಬೇಕು."

ವರ್ಲೀನ್ ತೋಳು ಮಡಿಸಿದಳು. "ಒಗೆದವಳು ನಾನು. ಕೊಳೆ ಮಾಡೋಳೂ ನಾನೇ. ಹದಿನಾರು ವರ್ಷದಿಂದ ಜನ ಬಟ್ಟೆ ಹೇಗೆ ಹಾಳು ಮಾಡ್ತಾರೆ ಅಂತ ನೋಡಿದೀನಿ. ನನಗೆ ಗೊತ್ತಿಲ್ಲದ ಕೊಳೆ ಯಾವುದಿದೆ? ಏಳು ಮೇಲೆ!"

ಮೊದಲು ತೂತು. ಕತ್ತರಿ ಹಿಡಿದು ನಿಂತಳು. "ಎಲ್ಲಿತ್ತು, ಎಡಭುಜವೋ ಬಲಭುಜವೋ?"

ಹುಡುಕಿದರೆ ಹೊಲಿಗೆಯ ಗುರುತೇ ಇಲ್ಲ! ಅಷ್ಟು ಸೊಗಸಾಗಿ ಹೊಲಿದಿದ್ದಳು ಪುಣ್ಯಾತಗಿತ್ತಿ. ನಾನು ಹಿಂದಿನ ಸಂಜೆಯ ಕನ್ನಡಿಯನ್ನು ನೆನೆಸಿಕೊಂಡೆ. ಕನ್ನಡಿಯಲ್ಲಿ ತೂತು ಈ ಕಡೆ ಇತ್ತು, ಅಂದರೆ ನನಗೆ ಆ ಕಡೆ, ಅಲ್ಲ, ನಾನು ತಿರುಗಿ ನಿಂತರೆ ಈ ಕಡೆ...

"ಗುಂಡು ತಿಂದವನಿಗೇ ಎಲ್ಲಿ ಬಿತ್ತು ಅಂತ ಗೊತ್ತಿಲ್ವಲ್ಲ! ನಿನ್ನ ತಲೆ ನೆಟ್ಟಗಿದೆಯಾ?"

"ಬಲ! ಬಲಭುಜ! ಕತ್ತರಿಸು!"

ಕತ್ತರಿಸಿದಳು. ಅಂಚಿಗೆ ಬೆಂಕಿಕಡ್ಡಿ ತಾಗಿಸಿ ಕಪ್ಪು ಮಾಡಿದಳು. ಆಮೇಲೆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರೆ, ಎಡಭುಜದಲ್ಲಿ ಸಣ್ಣ ಹೊಲಿಗೆಯೊಂದು ತಣ್ಣಗೆ ಹೊಳೆಯುತ್ತಿತ್ತು. ಸರಿ, ಬಲಗಡೆಯದನ್ನು ಹೊಲಿದು ಎಡಗಡೆಯದನ್ನು ಬಿಚ್ಚಿದ್ದಾಯಿತು. ಆದರೆ ಸುಟ್ಟ ಕಪ್ಪು ಹೋಗುವುದುಂಟೇ? ಮಾರ್ಷಲನ ಸಹಾಯಕನಿಗೆ ಒಂದು ಗುಂಡು ಬಿದ್ದದ್ದು ಶನಿವಾರ, ಇನ್ನೊಂದು ಗುಂಡು ಭಾನುವಾರ ನಮ್ಮ ಅಡುಗೆಮನೆಯಲ್ಲಿ!

ಆಮೇಲೆ ಧೂಳು. ಶರ್ಟನ್ನು ಹಗ್ಗದಿಂದ ನಮ್ಮ ಹಳೇ ಟ್ರಕ್ಕಿನ ಹಿಂದೆ ಕಟ್ಟಿ ಮಣ್ಣುರಸ್ತೆಯಲ್ಲಿ ಎರಡು ಸುತ್ತು ಎಳೆದೆವು. ಚರ್ಚಿನಿಂದ ಮರಳುತ್ತಿದ್ದ ಇಡೀ ಬೀದಿ ನಿಂತು ನೋಡಿತು. ವರ್ಲೀನ್ ಕಿಟಕಿಯಿಂದ ಕೈಬೀಸಿ, "ಏನಿಲ್ಲ, ಒಣಗಿಸ್ತಾ ಇದೀವಿ!" ಎಂದಳು.

ಧೂಳೇನೋ ಹತ್ತಿತು. ಆದರೆ ವರ್ಲೀನ್ ತಲೆಯಾಡಿಸಿದಳು. "ಬೆವರಿಲ್ಲ. ಟೀ ನೀರಿನ ಬೆವರು ಮಾಡೋದು ನನಗೆ ಬರಲ್ಲ. ನನಗೆ ಗೊತ್ತಿರೋದು ಅಸಲಿ ಬೆವರು. ಹಾಕ್ಕೋ, ಓಡು."

ಮಧ್ಯಾಹ್ನ ಹನ್ನೆರಡೂವರೆ. ನೂರ ಆರು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ನಮ್ಮ ಊರಿನ ಹಲ್ಲಿಗಳೂ ಆ ಹೊತ್ತಿನಲ್ಲಿ ಕಲ್ಲಿನ ಕೆಳಗೆ ಮಲಗಿರುತ್ತವೆ. ನಾನು, ಐವತ್ತಾರು ವರ್ಷದ ನಟಸಾರ್ವಭೌಮ, ಎರಡು ಗುಂಡಿನ ಗುರುತಿನ ಶರ್ಟು ಹಾಕಿಕೊಂಡು, ಟೊಪ್ಪಿಯೂ ಇಲ್ಲದೆ, ಮನೆಯ ಸುತ್ತ ಓಡುತ್ತಿದ್ದೇನೆ! ವರ್ಲೀನ್ ವರಾಂಡದಲ್ಲಿ ಕುಳಿತು, ಐಸ್ ಹಾಕಿದ ಟೀ ಗುಟುಕರಿಸುತ್ತ, ನಾನು ಎದುರಿಗೆ ಬಂದಾಗಲೆಲ್ಲ ಕಂಕುಳು ಪರೀಕ್ಷಿಸುತ್ತಿದ್ದಾಳೆ.

"ಸಾಲದು. ಇನ್ನೊಂದು ಸುತ್ತು."

"ವರ್ಲೀನ್, ಉಸಿರು..."

"ಮಾತಾಡ್ಬೇಡ, ಬೆವರು ಒಣಗಿಹೋಗುತ್ತೆ. ಓಡು!"

ಕೊನೆಗೆ ರಕ್ತ. ಪ್ಯಾನ್‌ಕೇಕಿನ ಮೇಲೆ ಸುರಿದುಕೊಳ್ಳುವ ಮೆಕ್ಕೆಜೋಳದ ಪಾಕಕ್ಕೆ ಕೇಕಿನ ಕೆಂಪು ಬಣ್ಣ ಕಲಸಿದರೆ ಚಿತ್ರಗಳ ರಕ್ತ ತಯಾರು. ಇದು ಮಾತ್ರ ನನಗೆ ಗೊತ್ತಿದ್ದ ವಿದ್ಯೆ, ನೂರ ನಲವತ್ತಮೂರು ಸಲ ಬಳಿಸಿಕೊಂಡಿದ್ದೆನಲ್ಲ! ಒಂದು ಬಟ್ಟಲು ಕಲಸಿ ಭುಜದ ಮೇಲೆ ಸುರಿದುಕೊಂಡೆ. ಎದೆಯ ಮೇಲೆ ಇಳಿಯಿತು, ಕತ್ತಿಗೂ ಮುಖಕ್ಕೂ ಸಿಡಿಯಿತು.

"ಒಣಗೋವರೆಗೂ ಅಲ್ಲಾಡ್ಬೇಡ," ಎಂದಳು ವರ್ಲೀನ್. "ಅಲ್ಲಾಡಿದ್ರೆ ಕಲೆ ಹರಡುತ್ತೆ."

ಅಲ್ಲಾಡದೆ ಮಲಗುವುದರಲ್ಲಿ ನನಗೆ ಸಮಾನರಾರು? ಹಿತ್ತಲಿನಲ್ಲಿ ಅಂಗಾತ ಮಲಗಿದೆ. ಅಷ್ಟು ಓಡಿದ ಮೈ, ಮಲಗಿದ ಎರಡೇ ನಿಮಿಷಕ್ಕೆ ನಿದ್ದೆ ಹತ್ತಿತು. ಆಹಾ, ಎಂಥ ಸುಖನಿದ್ದೆ! ಒಳಗೆ ವರ್ಲೀನ್ ಕೂಡ ಸೋಫಾದಲ್ಲಿ ನಿದ್ದೆ ಹೋದಳಂತೆ. ಹೊರಗೆ ನಮ್ಮ ಅರಿಜೋನಾದ ಕೆಂಪಿರುವೆಗಳು ಮಾತ್ರ ಎಚ್ಚರವಾಗಿದ್ದವು. ಸಿಹಿ ಪಾಕ ಬಳಿದುಕೊಂಡು ಮಲಗಿದ ಒಂದು ಆಳೆತ್ತರದ ಪ್ಯಾನ್‌ಕೇಕು ಅವುಗಳಿಗೆ ಸಿಕ್ಕಿತ್ತು!

ನಾನು ಕೂಗಿದ ಕೂಗಿಗೆ ವರ್ಲೀನ್ ಓಡಿಬಂದಳು. ತೋಟದ ಪೈಪು ಹಿಡಿದು ನನ್ನ ಮೇಲೆ ನೀರು ಬಿಟ್ಟಳು. ಇರುವೆ ಹೋದವು. ರಕ್ತ, ಧೂಳು, ಬೆವರು ಕೂಡ ಅವುಗಳ ಜೊತೆಯಲ್ಲೇ ಹೋದವು. ಕನ್ನಡಿ ನೋಡಿಕೊಂಡರೆ ಬಿಸಿಲಿಗೆ ಸುಟ್ಟು ಬೀಟ್‌ರೂಟಾದ ಮುಖ, ಊದಿದ ಎಡಗಣ್ಣು, ಮೂಗಿನಷ್ಟು ಮುಂದೆ ಬಂದ ಮೇಲ್ದುಟಿ. ವರ್ಲೀನ್ ನನ್ನ ಮುಖಕ್ಕೆ ಅಡುಗೆ ಸೋಡ ಹಚ್ಚುತ್ತ ಅತ್ತಳು. ನನಗೂ ಅಳು ಬಂತು, ಆದರೆ ಕಣ್ಣು ಊದಿದ್ದರಿಂದ ಒಂದೇ ಕಡೆ ಬಂತು.

"ನಿನಗೆ ಒಂದು ಒಳ್ಳೇ ಶರ್ಟು ಕೊಡೋಣ ಅಂತ ಮಾಡಿದೆ ಕಣೋ," ಎಂದಳು. "ಅಷ್ಟೇ ಕಣೋ."

"ಗೊತ್ತು," ಎಂದೆ. ದಪ್ಪ ತುಟಿಯಲ್ಲಿ ಅದಕ್ಕಿಂತ ಹೆಚ್ಚು ಹೇಳಲು ಆಗಲಿಲ್ಲ.

ಸೋಮವಾರ ಬೆಳಗ್ಗೆ ಅವಳೂ ಮೋಟೆಲಿಗೆ ರಜೆ ಹೇಳಿ ನನ್ನ ಜೊತೆ ಬಂದಳು. ಡಾಟಿಯ ಮುಂದೆ ಒದ್ದೆ ಶರ್ಟಿನ ಗಂಟನ್ನು ಇಟ್ಟು, "ತಪ್ಪು ನನ್ನದು ತಾಯಿ. ಇವನನ್ನ ಬಿಟ್ಟುಬಿಡಿ," ಎಂದಳು. ಡಾಟಿ ಗಂಟು ಬಿಚ್ಚಿ ನೋಡಿದಳು. ಒಂದು ತೂತಿನೊಳಗೆ ಬೆರಳು ಹಾಕಿದಳು, ಎರಡನೆಯ ತೂತಿನ ಹೊಲಿಗೆಯನ್ನು ಕನ್ನಡಕ ಏರಿಸಿ ಪರೀಕ್ಷಿಸಿದಳು.

"ಈ ಹೊಲಿಗೆ ಯಾರು ಹಾಕಿದ್ದು? ಭಾಳ ಚೆನ್ನಾಗಿದೆ," ಎಂದು ಹೇಳಿ, ಹಿಂದಿನ ಪರದೆ ಸರಿಸಿದಳು. ಅಲ್ಲಿ ಸಾಲಾಗಿ ಮೂರು ಶರ್ಟುಗಳು ತೂಗುತ್ತಿದ್ದವು. ಅದೇ ಕೊಳೆ, ಅದೇ ಬೆವರು, ಅದೇ ಎಡಭುಜದಲ್ಲಿ ಅದೇ ತೂತು!

"ಇದು... ಇಷ್ಟೊಂದು ಯಾಕೆ?" ನಾನು ತೊದಲಿದೆ.

"ಯಾಕೆ ಅಂದ್ರೆ? ಮಾತಿರೋ ಪಾತ್ರಕ್ಕೆ ಯಾವಾಗ್ಲೂ ನಾಲ್ಕು ಶರ್ಟು ಮಾಡ್ತೀವಿ. ಒಂದು ಹಾಳಾದ್ರೆ ಇನ್ನೊಂದು ಇರ್ಲಿ ಅಂತ. ಇಷ್ಟು ವರ್ಷ ಇಲ್ಲೇ ಇದೀಯ, ಅಷ್ಟೂ ಗೊತ್ತಿಲ್ವಾ?"

ಹೇಗೆ ಗೊತ್ತಿರಬೇಕು? ಸಾಯುವವನಿಗೆ ಕೊಡುವುದು ಒಂದೇ ಶರ್ಟು. ನಾನು ವರ್ಲೀನಳ ಮುಖ ನೋಡಿದೆ, ವರ್ಲೀನ್ ನನ್ನ ಮುಖ ನೋಡಿದಳು. ಆಗಲೇ ಡಾಟಿಯೂ ನನ್ನ ಮುಖ ನೋಡಿದ್ದು.

"ಅಯ್ಯೋ ದೇವರೇ! ಶರ್ಟಿಗೆ ಶರ್ಟು ಕೊಡ್ತೀನಿ ಎಲ್ಡನ್. ಈ ಮುಖಕ್ಕೆ ಇನ್ನೊಂದು ಎಲ್ಲಿಂದ ತರ್ಲಿ?"

ಡೈರೆಕ್ಟರ್ ಸ್ಟ್ರಿಕ್ಲರ್ ಬಂದ. ಶನಿವಾರ ತೆಗೆದ ನನ್ನ ಫೋಟೋವನ್ನು ನನ್ನ ಕಿವಿಯ ಪಕ್ಕ ಹಿಡಿದು, ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದ. ಅವನೂ ಮೂರು ವಾರದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. "ಹೊರಗೆ ಬಾಗಿಲು ತಳ್ಳಿದವನು ಇವನು," ಎಂದ ಮೆಲ್ಲಗೆ. "ಒಳಗೆ ಬಂದವನು ಯಾರು? ಇವನ ದೊಡ್ಡಪ್ಪನಾ? ಈ ಮಾತು ಆ ಕ್ಷೌರಿಕನ ಪಾತ್ರದವನಿಗೆ ಕೊಟ್ಟುಬಿಡಿ."

ಆರು ಪದವೂ ಹೋಯಿತು! ವರ್ಲೀನ್ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಆಗ ಕಾಪಾಡಿದವನು ಮಾರ್ಷಲ್. ಅಂದರೆ ಮಾರ್ಷಲನ ವೇಷದ ರಾಯ್ಸ್ ಡಂಡೀ, ಟೀವಿಯ ದೊಡ್ಡ ನಟ. ಕುರ್ಚಿಯಲ್ಲಿ ಒರಗಿ ಉಗುರು ಉಜ್ಜಿಕೊಳ್ಳುತ್ತಿದ್ದವನು ತಲೆಯೆತ್ತಿ, "ಅಷ್ಟು ಯಾಕೆ ತಲೆ ಕೆಡಿಸ್ಕೋತೀರಿ?" ಎಂದ. "ಅವನ ಬೆನ್ನು ತೋರ್ಸಿ, ನನ್ನ ಮುಖ ತೋರ್ಸಿ. ಅವನು ಏನು ಹೇಳಿದ್ರೂ ಜನ ನೋಡೋದು ನನ್ನನ್ನೇ ತಾನೆ?"

ಹೀಗೆ ನಾನು ಬೆನ್ನು ತೋರಿಸಿಕೊಂಡು ನನ್ನ ಮೊದಲ ಮಾತು ಆಡಿದೆ. ಊದಿದ ತುಟಿಯಿಂದ ಒಂದೊಂದು ಪದವೂ ಒದ್ದಾಡಿ ಹೊರಗೆ ಬಂತು. ಆಮೇಲೆ ಸ್ಟ್ರಿಕ್ಲರ್, "ಪರವಾಗಿಲ್ವೇ! ನಿಜವಾಗ್ಲೂ ಗುಂಡು ತಿಂದವನ ಹಾಗೇ ಮಾತಾಡಿದ!" ಎಂದ. ಸ್ವಾಮಿ, ಆವತ್ತು ನಾನು ನೆಲದ ಮೇಲೆ ನಡೆಯಲಿಲ್ಲ. ವರ್ಲೀನಳನ್ನು ಹೊರಗೆ ಕೂರಿಸಿದ್ದರು, ಅವಳಿಗೆ ಕೇಳಿಸಲಿಲ್ಲ. ಕೇಳಿಸದಿದ್ದರೇನು, ಟೀವಿ ಇದೆಯಲ್ಲ!

ನವೆಂಬರಿನ ಒಂದು ಭಾನುವಾರ ಸಂಜೆ ಎಂಟು ಗಂಟೆಗೆ ಚಿತ್ರ ಬಂತು. ಫರ್ನ್ ಬಂದು ಸೋಫಾದ ನಡುವೆ ಪಾಪ್‌ಕಾರ್ನ್ ಬಟ್ಟಲು ತೊಡೆಯ ಮೇಲಿಟ್ಟು ಕುಳಿತಳು. ನಾನು ಒಂದು ತುದಿ, ವರ್ಲೀನ್ ಇನ್ನೊಂದು ತುದಿ. ಆ ಕಾಲದಲ್ಲಿ ಟೀವಿ ಎಂದರೆ ಬಂದಾಗ ನೋಡಬೇಕು, ಹೋದರೆ ಹೋಯಿತು. ಒಂದು ಗಂಟೆ ಕಾದೆವು. ಸೋಪಿನ ಜಾಹೀರಾತು, ಕಾರಿನ ಜಾಹೀರಾತು, ಮತ್ತೆ ಮಾರ್ಷಲ್. ಕೊನೆಗೆ ಜೈಲಿನ ಬಾಗಿಲು ಧಡಾರನೆ ತೆರೆಯಿತು. ಟೀವಿಯ ತುಂಬ ನನ್ನ ಬೆನ್ನು! ನಾನು ಉಸಿರು ಹಿಡಿದೆ.

"ಅಯ್ಯೋ! ಫರ್ನ್! ಆ ಕಲೆ ನೋಡು!" ವರ್ಲೀನ್ ಎದ್ದು ನಿಂತುಬಿಟ್ಟಳು. "ಎಂಥಾ ಕೊಳೆ ಶರ್ಟು ತೋರಿಸ್ತಿದ್ದಾರೆ ನೋಡು! ದೇವರಾಣೆ ನಾನು ಅದನ್ನ ಒಗೆದಿದ್ದೆ ಕಣೇ! ಮೂರು ನೀರಲ್ಲಿ ಜಾಲಿಸಿ, ಗಂಜಿ ಹಾಕಿದ್ದೆ! ಇಡೀ ದೇಶ ನೋಡ್ತಿದೆ! ನಾಳೆ ನಾನು ಮೋಟೆಲಿಗೆ ಯಾವ ಮುಖ ಹೊತ್ಕೊಂಡು ಹೋಗ್ಲಿ?"

ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸುವಷ್ಟರಲ್ಲಿ ನನ್ನ ಬೆನ್ನು ಹೋಗಿತ್ತು. ಮಾರ್ಷಲ್ ಗೋಡೆಯಿಂದ ಬಂದೂಕು ಇಳಿಸುತ್ತಿದ್ದ. ಆರೂ ಪದ ಮುಗಿದಿದ್ದವು.

ವರ್ಲೀನ್ ಮೆಲ್ಲಗೆ ನನ್ನ ಕಡೆ ತಿರುಗಿದಳು. "ಎಲ್ಡನ್... ನೀನೇನೋ ಹೇಳಿದೆ ಅಲ್ವಾ?"

"ಹೇಳಿದೆ."

"ಅಯ್ಯೋ, ನಾನು ಕೇಳಿಸ್ಕೊಳ್ಳಲೇ ಇಲ್ವಲ್ಲೋ!" ಅವಳು ಬಂದು ನನ್ನ ಪಕ್ಕ ಕುಳಿತು ಕೈಹಿಡಿದಳು. ಕಣ್ಣು ತುಂಬಿತ್ತು. "ಈಗ ಹೇಳು. ನನಗೋಸ್ಕರ ಒಂದ್ಸಲ ಹೇಳು."

ಸರಿ. ಬೆನ್ನು ನೆಟ್ಟಗೆ ಮಾಡಿದೆ. ಎಡಭುಜ ಒತ್ತಿಹಿಡಿದೆ. ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ.

"ಶ್!" ಎಂದಳು ಫರ್ನ್, ಟೀವಿಯಿಂದ ಕಣ್ಣು ಕೀಳದೆ. "ಒಂದು ಗಳಿಗೆ ಬಾಯ್ಮುಚ್ಚಿಕೊಂಡಿರಪ್ಪಾ ಎಲ್ಡನ್! ಮಾರ್ಷಲ್ ಮಾತಾಡ್ತಿದ್ದಾನೆ!"